ಕಟ್ಟೆಯಡಿಯ ಕೆರೆ

ನಮ್ಮಪ್ಪ ಲಾಲಪ್ಪ ಶಹಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಊರೆಲ್ಲ ಹೊಗಳಿದರೂ ಅವನಿಗೆ ಸಾಲದು; ಅವ್ವನ ಬಾಯಿಂದ ‘ಛಂದ ಅದ’ ಎಂಬ ಒಂದು ಮಾತು ಬರಬೇಕು. ಇಪ್ಪತ್ತೆಂಟು ವರ್ಷದ ತಪಸ್ಸು ಅದು. ಅವ್ವ ಅನಸುಬಾಯಿ ಮಹಾ ಗಟ್ಟಿ, ವರ ಕೊಟ್ಟವಳಲ್ಲ.

ದಸರೆ ರಜೆಯಲ್ಲಿ ಇಬ್ಬರೂ ಚಿಂಚೋಳಿ ಕಡೆಯ ಕೆರೆಯೊಂದನ್ನು ನೋಡಲು ಹೋಗಿದ್ದರು. ಚಿತ್ತಿ ಮಳೆಯ ಗಾಳಿ ಎದ್ದು ಅವ್ವನ ಛತ್ರಿ ಕೆರೆಯ ಪಾಲಾಯಿತು. ಮನೆಗೆ ಬಂದವನೇ ಅಪ್ಪ ಆ ಬಿರುಗಾಳಿಯನ್ನು ಬರೆಯಲು ಕುಳಿತ. ಕಾಗದ ಬೇಡವಂತೆ. ಅಡುಗೆಮನೆ ಕಟ್ಟೆಗೆಂದು ತಂದಿಟ್ಟ ಪರಸಿ ಹಾಸುಗಲ್ಲೇ ಬೇಕಂತೆ, ಅದರ ಬೂದು ಬಣ್ಣವೇ ಕೆರೆಯ ಬಣ್ಣವಂತೆ! ನುಣುಪು ಬದಿಗೆ ಬಣ್ಣ ನಿಲ್ಲದೆಂದು ಒರಟು ಬದಿಗೆ ಬರೆದ: ಎದ್ದ ತೆರೆಗಳು, ಬಾಗಿದ ಹಳದಿ ಹುಲ್ಲು, ತೇಲುವ ಒಂದು ಕೆಂಪು ಛತ್ರಿ.

“ಅರಿವಿ ಒಗದ ನೀರ ಇದ್ದಂಗ ಕಾಣ್ತದ,” ಎಂದಳು ಅವ್ವ. ಅಪ್ಪನ ಮುಖ ಸಪ್ಪಗಾಯಿತು.

ಮರುದಿನ ಅಪ್ಪ ಹೊರಗೆ ಹೋದಾಗ ಗೌಂಡಿ ಮುಬೀನ ಕಟ್ಟೆ ಕಟ್ಟಲು ಬಂದ. ಅವ್ವ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು, ಒಳಗೆ ಇಣುಕಲಿಲ್ಲ. ನುಣುಪು ಮೇಲೆ, ಒರಟು ಕೆಳಗೆ; ನಮ್ಮೂರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಸಂಜೆಯ ಹೊತ್ತಿಗೆ ಎರಡು ಗಿಡ್ಡ ಗೋಡೆಗಳ ಮೇಲೆ ಕಲ್ಲು ಕೂತು ಸಿಮೆಂಟು ಬಿಗಿದಿತ್ತು; ಚಿತ್ರ ಕಟ್ಟೆಯಡಿಯ ಕತ್ತಲಿಗೆ ಸೇರಿತ್ತು.

ಅಪ್ಪ ಬಂದು ಕೂಗಾಡಿದ.

“ಕಲ್ಲಿನ ಹಿಂದ ಗೀಚಿದ್ದು ಯಾರ್ ನೋಡ್ತಾರ್ರಿ ಸರ್?” ಎಂದ ಮುಬೀನ. “ಈಗ ಕಿತ್ತಿದ್ರ ಎರಡ್ ತುಂಡ ಆಗ್ತದ.”

ಅಪ್ಪ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ನಗು ಬಂದರೂ ನನಗೆ ಪಾಪ ಅನಿಸಿತು.

ಮೂರನೆಯ ದಿನ ಮಧ್ಯಾಹ್ನ ಕಟ್ಟೆಯ ಕೆಳಗಿನಿಂದ ಅವ್ವನ ಎರಡು ಕಾಲು ಮಾತ್ರ ಹೊರಗೆ ಕಂಡವು. ಮೊಣಕಾಲು ನೋವಿನ ಹೆಂಗಸು ಬಿದ್ದೇಬಿಟ್ಟಳೆಂದು ಅಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ.

“ಏನಾತು? ಎಲ್ಲಿ ಪೆಟ್ಟ ಬಿತ್ತು?”

“ಪೆಟ್ಟೂ ಇಲ್ಲ, ಗಿಟ್ಟೂ ಇಲ್ಲ. ಕೆರಿ ನೋಡಾಕತ್ತೀನ್ರಿ.”

ಅವಳ ಕೈಯಲ್ಲಿ ಟಾರ್ಚಿತ್ತು. ಅಪ್ಪನೂ ಮೆಲ್ಲಗೆ ಪಕ್ಕದಲ್ಲಿ ಮಲಗಿ ತಲೆ ತೂರಿಸಿದ.

“ಭಾಳ ಛಂದ ಅದ್ರಿ,” ಎಂದಳು ಅವ್ವ. “ಆ ಗಾಳಿ ನೋಡಿದ್ರ ಈಗೂ ಮೈ ಜುಮ್ ಅಂತದ.”

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಣ್ಣು ತುಂಬಿ ಬಂತು.

“ಆದ್ರ ನನ್ನ ಛತ್ರಿ ನೀಲಿ ಇತ್ತು.”

ಕಟ್ಟೆಯ ಕೆಳಗಿನಿಂದ ಅಪ್ಪನ ದನಿ ಬಂತು: “ಲುಂಬಿನಿ, ನೀಲಿ ಬಣ್ಣದ ಡಬ್ಬಿ ತಗೊಂಡ್ ಬಾರವ್ವ. ಆಮ್ಯಾಲ ನಮ್ಮಿಬ್ಬರನ್ನೂ ಎಬ್ಬಸು.”