ಕಮಲವ್ವ ತಗ್ಗಿಸಿದ ಉಬ್ಬು

ನೆವಾರ್ಕಿನ ಮಗನ ಮನೆಗೆ ಬಂದ ಕಮಲವ್ವನಿಗೆ ಟಿವಿ ಬೇಡ, ತಿರುಗಾಟ ಬೇಡ. ಮೊಮ್ಮಗಳು ವಸುಧಾ ತಂದಿಟ್ಟ ಉಕ್ಕಿನ ವಾದ್ಯವೊಂದೇ ಸಾಕಾಗಿತ್ತು. ಎಣ್ಣೆ ಡ್ರಮ್ಮಿನ ತಳವನ್ನು ಬಡಿದು ಬಾಣಲೆಯಂತೆ ತಗ್ಗು ಮಾಡಿ, ಅದರೊಳಗೆ ಉಬ್ಬುಗಳನ್ನು ಎಬ್ಬಿಸಿದ್ದರು. ಒಂದೊಂದು ಉಬ್ಬಿಗೆ ಒಂದೊಂದು ಸ್ವರ. ಪಕ್ಕದೂರು ಓಕ್ಲ್ಯಾಂಡಿನ ಹೆಂಗಸರು, ಹುಡುಗಿಯರು ಸೇರಿ ಕಟ್ಟಿದ ಬ್ಯಾಂಡಿನದು ಅದು. ಭಾನುವಾರದ ಮೆರವಣಿಗೆಗೆ ವಸುಧಾಗೆ ಮೊದಲ ಸಲ ಮುಂದಿನ ಸಾಲು ಸಿಕ್ಕಿತ್ತು. ವಾದ್ಯ ಕೆಡಿಸಿದವರಿಗೆ ಮಾತ್ರ ಸಾಲಿನಲ್ಲಿ ಜಾಗವಿಲ್ಲ, ಅದು ಬ್ಯಾಂಡಿನ ಕಟ್ಟಳೆ.

ಕಮಲವ್ವನೋ ಗದಗಿನ ಕಂಚಗಾರರ ಮನೆಯ ಮಗಳು. ಇರುವುದು ಒಂದೇ ತಗಡು, ಅಷ್ಟೊಂದು ದನಿ ಎಲ್ಲಿ ಅಡಗಿದೆ? ಒಂದು ಉಬ್ಬನ್ನು ತುಸು ತಗ್ಗಿಸಿದರೆ ದನಿ ಎತ್ತ ಹೋದೀತು? ಮೂರು ದಿನ ತಡೆದುಕೊಂಡಳು, ಪಾಪ. ಗುರುವಾರ ಮನೆಯಲ್ಲಿ ಯಾರೂ ಇಲ್ಲದಾಗ ಲಟ್ಟಣಿಗೆ ತಂದು ಒಂದೇಟು ಕೊಟ್ಟಳು. ಏನೂ ಆಗಲಿಲ್ಲ. ಇನ್ನೊಂದು ಬಲವಾಗಿಯೇ ಕೊಟ್ಟಳು. ಗಂಟೆಯಂತಿದ್ದ ದನಿ ಡಬ್ಬಿ ಬಡಿದಂತಾಯಿತು. ಕಮಲವ್ವ ಲಟ್ಟಣಿಗೆಯನ್ನು ಸರಸರನೆ ಅಡುಗೆಮನೆಗೆ ಸೇರಿಸಿದಳು.

ಸಂಜೆ ಬಾರಿಸಲು ಕೂತ ವಸುಧಾ, ತಾನೇ ಜೋರಾಗಿ ಹೊಡೆದು ಕೆಡಿಸಿದೆನೆಂದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ನಾನೇ ಎಂದು ಹೇಳಲು ಕಮಲವ್ವ ಹಿಂಜರಿದಳು. ಅರವತ್ತು ದಾಟಿದವಳು ಮಗ-ಸೊಸೆಯ ಮುಂದೆ ಇಂಥದ್ದನ್ನು ಒಪ್ಪಿಕೊಳ್ಳುವುದೆಂದರೆ ನಾಚಿಕೆಗೇಡು. ಆದರೆ ಮೊಮ್ಮಗಳ ಅಳು ಎರಡು ದಿನವಾದರೂ ಕಿವಿ ಬಿಡಲಿಲ್ಲ. ಶನಿವಾರ ವಸುಧಾ ವಾದ್ಯ ಎತ್ತಿಕೊಂಡು ಬ್ಯಾಂಡಿನ ಅಭ್ಯಾಸಕ್ಕೆ ಹೊರಟಾಗ, ತಾನೂ ಬರುತ್ತೇನೆಂದು ಹಟ ಹಿಡಿದು ಕಾರು ಹತ್ತಿದಳು.

ಬ್ಯಾಂಡಿನ ಯಜಮಾನಿ ಯೂನಿಸ್ ಟ್ರಿನಿಡಾಡಿನವಳು, ನರೆಗೂದಲಿನ ಗಟ್ಟಿ ಹೆಂಗಸು. ಕೆಟ್ಟ ಸ್ವರವನ್ನು ಎರಡು ಸಲ ತಟ್ಟಿ ನೋಡಿ, ಯಾರು ಮಾಡಿದ್ದೆಂದು ಕೇಳಿದಳು. ವಸುಧಾ ತಲೆ ತಗ್ಗಿಸಿ ಕೈ ಎತ್ತಿದಳು.

ಅದನ್ನು ನೋಡಿ ಕಮಲವ್ವನಿಗೆ ತಡೆಯಲಾಗಲಿಲ್ಲ. "ಆಕಿ ಅಲ್ರೀ, ನಾನು," ಎಂದು ಮುಂದೆ ಬಂದಳು. "ವಸೂ, ಹೇಳವಾ ಆಕೀಗೆ. ನಾನ ಲಟ್ಟಣಿಗಿ ತಗೊಂಡು ಹೊಡದೆ. ದನಿ ಎಲ್ಲಿ ಕುಂತೈತಿ ಅಂತ ನೋಡಬೇಕಾಗಿತ್ತು ನನಗ."

ವಸುಧಾಗೆ ಮೊದಲು ಸಿಟ್ಟು ಬಂತು, ಆಮೇಲೆ ಹೋದ ಜೀವ ಬಂತು. ಲಟ್ಟಣಿಗೆಯನ್ನೂ ಬಿಡದೆ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಯೂನಿಸ್ ನಗಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. ವಸುಧಾ ತಡವರಿಸಿ ಅದನ್ನು ಕನ್ನಡಕ್ಕೆ ತಂದಳು: "ಅಜ್ಜಿ, ಶೀ ಈಸ್ ಆಸ್ಕಿಂಗ್... ಸಿಕ್ತಾ? ದನಿ?"

"ಇಲ್ಲವಾ. ಸಿಗಲಿಲ್ಲ," ಎಂದಳು ಕಮಲವ್ವ.

ಯೂನಿಸ್ ವಸುಧಾಳನ್ನು ಮುಂದಿನ ಸಾಲಿಗೆ ಕಳಿಸಿ, ವಾದ್ಯವನ್ನು ಬೋರಲು ಹಾಕಿ, ತಗ್ಗಿದ ಉಬ್ಬು ಮತ್ತೆ ಏಳುವಂತೆ ಸಣ್ಣ ಸುತ್ತಿಗೆಯಿಂದ ಹಿಂಬದಿಗೆ ತಟ್ಟತೊಡಗಿದಳು. ತಟ್ಟುತ್ತಲೇ ಏನೋ ಹೇಳಿದಳು. ಸಾಲಿನಿಂದಲೇ ವಸುಧಾ ಅದನ್ನು ಅಜ್ಜಿಗೆ ತಿಳಿಸಿದಳು. ಒಂಬತ್ತು ವರ್ಷದವಳಿದ್ದಾಗ ಯೂನಿಸ್ ಕೂಡ ಅಣ್ಣನ ವಾದ್ಯವನ್ನು ಹೀಗೇ ಕೆಡಿಸಿದ್ದಳಂತೆ. ಆಗೆಲ್ಲ ಹುಡುಗಿಯರು ಅದರ ಹತ್ತಿರವೂ ಸುಳಿಯುವಂತಿರಲಿಲ್ಲವಂತೆ. ಮೈ ಬಾಸುಂಡೆ ಏಳುವಂತೆ ಬಡಿದರಂತೆ, ಏನು ಹುಡುಕುತ್ತಿದ್ದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲವಂತೆ.

ಕಮಲವ್ವ ಯೂನಿಸಳ ಪಕ್ಕದಲ್ಲೇ ಹೋಗಿ ಕೂತಳು.

"ನಾ ಕೇಳ್ತೀನಿ," ಎಂದಳು. "ಏನ್ ಹುಡಕತಿದ್ದಿ ಆವಾಗ? ವಸೂ, ಹೇಳು ಅಂತ ಹೇಳವಾ ಆಕೀಗೆ."

ವಸುಧಾ ಅದನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಯೂನಿಸ್ ಸುತ್ತಿಗೆ ಕೆಳಗಿಟ್ಟು ಕಮಲವ್ವನ ಕಡೆ ತಿರುಗಿ ಕೂತಳು.