ಬಚ್ಚಲುಮನೆಯಲ್ಲಿ ಇಬ್ಬರು ಮೊಲಗಿತ್ತಿಯರು

"ಕೈ ಹಾಕ್ಬೇಡ, ಸುಮ್ನೆ ಕೂತ್ಕೋ," ಎಂದರು ಅತ್ತೆ, ಬಚ್ಚಲುಮನೆಯ ಹೊಸ್ತಿಲಲ್ಲಿ ನಿಂತು. ಟೈಲರಿಂಗ್ ಮಾಡುವ ಸೊಸೆ ಒಳಗೆ ಮೊಣಕಾಲೂರಿದ್ದಳು. ನೆಲಕ್ಕೆ ಹಾಸಿದ ಚಾಪೆಯ ಆ ತುದಿಗೆ ಕರಿಯಮ್ಮ, ಈ ತುದಿಗೆ ಬಿಳಿಯಮ್ಮ. ಎರಡೂ ಹೆಣ್ಣು ಮೊಲಗಳು. ಇವು ಒಂದಾಗದಿದ್ದರೆ ಐದು ಗಂಟೆಗೆ ಎದುರುಮನೆಯ ಮೇಷ್ಟ್ರು ಬಂದು ಬಿಳಿಯಮ್ಮನನ್ನು ಸಾಕಲು ಒಯ್ಯುವವರಿದ್ದರು. ಆಗಲೇ ನಾಲ್ಕೂ ಮುಕ್ಕಾಲು ಕಳೆದಿತ್ತು.

ತಪ್ಪು ಸೊಸೆಯದೇ. ಒಂದೇ ತಟ್ಟೆಯಲ್ಲಿ ತಿಂದು ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಮೊಲಗಳು, ಪ್ರಾಯಕ್ಕೆ ಬಂದದ್ದೇ ತಡ, ಒಂದರ ಬೆನ್ನು ಒಂದು ಏರಿ ಯಜಮಾನಿಕೆಗೆ ಕಿತ್ತಾಡತೊಡಗಿದ್ದವು. ಗರ್ಭಕೋಶ ತೆಗೆಸಿದರೆ ತಣ್ಣಗಾಗುತ್ತವೆ ಎಂದರು ಡಾಕ್ಟರಮ್ಮ. ಒಂದೇ ದಿನ ಎರಡಕ್ಕೂ ಆಪರೇಷನ್ ಆಯಿತು. ಜೊತೆಗೇ ಇಡಿ ಎಂದು ಅವರು ಸಾರಿ ಸಾರಿ ಹೇಳಿದ್ದರು. ಆದರೆ ಮೂವತ್ತು ವರ್ಷ ಬಟ್ಟೆ ಹೊಲಿದವಳಿಗೆ ಹೊಟ್ಟೆಯ ಆ ಸಣ್ಣ ಹೊಲಿಗೆ ಕಂಡು ಜೀವ ಬಾಯಿಗೆ ಬಂತು. ಒಂದರ ಕಾಲು ತಾಗಿ ಇನ್ನೊಂದರ ದಾರ ಬಿಚ್ಚಿದರೆ? ಒಂದನ್ನು ಮಿಷನ್ನಿನ ಕೋಣೆಯಲ್ಲಿ, ಒಂದನ್ನು ಅಡುಗೆಮನೆಯಲ್ಲಿ ಇಟ್ಟಳು, ಬರೋಬ್ಬರಿ ಒಂದು ತಿಂಗಳು. ಗಾಯವೇನೋ ಮಾಗಿತು, ಅಷ್ಟರಲ್ಲಿ ಪರಸ್ಪರರ ವಾಸನೆಯೇ ಮರೆತುಹೋಗಿತ್ತು. ಮತ್ತೆ ಎದುರಾದ ದಿನ ಮನೆತುಂಬ ರೋಮ ಹಾರಿತು.

"ಯಾರ ಜಾಗವೂ ಅಲ್ಲದ ಕಡೆ ಬಿಟ್ಟು ನೋಡಿ," ಎಂದಿದ್ದರು ಡಾಕ್ಟರಮ್ಮ ಫೋನಿನಲ್ಲಿ. "ಏರಿದ್ರೆ ಏರ್ಲಿ. ಕಚ್ಚಿದ್ರೆ ಮಾತ್ರ ಬಿಡಿಸಿ." ಮೊಲಗಳು ಕಾಲಿಡದ ಜಾಗವೆಂದರೆ ಬಚ್ಚಲೊಂದೇ.

ಕರಿಯಮ್ಮ ಚಂಗನೆ ಹಾರಿ ಬಿಳಿಯಮ್ಮನ ಬೆನ್ನೇರಿತು. ಮುಂಚೆಯೆಲ್ಲ ದರ್ಬಾರು ಬಿಳಿಯಮ್ಮನದು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದರು ಅತ್ತೆ.

"ನನಗಿಲ್ಲಿ ಪ್ರಾಣ ಹೋಗ್ತಿದೆ, ನಿಮಗೆ ತಮಾಷೆ."

"ನಂಗೇನು ಖುಷಿನಾ? ದಿನಾ ಇವು ಕಚ್ಚಾಡಿದ ಗಾಯ ನೋಡೋಕಾಗಲ್ಲ, ಅದಕ್ಕೇ ಒಂದನ್ನ ಕೊಟ್ಬಿಡು ಅಂದೆ."

ಬಿಳಿಯಮ್ಮ ಕೊಸರಿಕೊಂಡು ಓಡಿತು. ಕರಿಯಮ್ಮ ಬೆನ್ನಟ್ಟಿತು. ಒಂದು ಸುತ್ತು, ಎರಡು ಸುತ್ತು. ಸೊಸೆಯ ಬಲಗೈ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಆಗ ಬಿಳಿಯಮ್ಮ ಗಕ್ಕನೆ ನಿಂತಿತು. ತಲೆ ತಗ್ಗಿಸಿ ಕರಿಯಮ್ಮನ ಗದ್ದದಡಿ ತೂರಿಸಿತು. ಅರ್ಧ ನಿಮಿಷ ಕರಿಯಮ್ಮ ಬರೀ ಮೂಗು ಅಲುಗಿಸಿತು. ಆಮೇಲೆ ಆ ಹಣೆಯನ್ನು ನೆಕ್ಕತೊಡಗಿತು.

"ಅತ್ತೆ, ನೆಕ್ತಿದೆ ನೋಡಿ," ಎಂದು ಸೊಸೆ ಪಿಸುಗುಟ್ಟಿದಳು. ಎದ್ದು ಕುಣಿಯಬೇಕೆನ್ನುವಷ್ಟು ಸಂತೋಷ, ಅಲುಗಾಡಲು ಮಾತ್ರ ಧೈರ್ಯವಿಲ್ಲ.

ಕರೆಗಂಟೆ ಹೊಡೆಯಿತು.

"ಕೊಡಲ್ಲ ಅಂತ ಮೇಷ್ಟ್ರಿಗೆ ನಾನ್ ಹೇಳ್ತೀನಿ ತಡಿ," ಎಂದ ಅತ್ತೆ ಹೋಗಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಸೊಸೆಯ ಪಕ್ಕ ಕೂತರು. ಗಂಟೆ ಇನ್ನೊಮ್ಮೆ ಹೊಡೆಯಿತು. ನಾಲ್ಕು ಕಿವಿಗಳು ಒಟ್ಟಿಗೆ ನಿಮಿರಿದವು, ಒಟ್ಟಿಗೇ ಮಲಗಿದವು.