ಬಿಳಿ ಕಮ್ಮಾರನ ಕಸುಬು

"ಸತ್ತವರ ಕಸುಬು?" ನೋಂದಣಿ ಗುಮಾಸ್ತ ಕೇಳಿದ.

"ಬಿಳಿ ಕಮ್ಮಾರ," ಎಂದಳು ಟ್ಯಾಬಿತಾ. ಗಂಡ ಏಮಸ್ ಸತ್ತು ಎರಡು ದಿನವಾಗಿತ್ತು. ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಜೊತೆಗೆ ಬಂದಿದ್ದ ಪಕ್ಕದ ಕುಲುಮೆಯ ಜೋಬ್ ಟೋಪಿ ಹಿಡಿದು ಚಡಪಡಿಸುತ್ತಿದ್ದ.

ಗುಮಾಸ್ತ ಲೀಡ್ಸ್‌ನಿಂದ ಹೊಸದಾಗಿ ಬಂದವ. "ಕಮ್ಮಾರ ಅಂತ ಬರ್ಕೊಳ್ತೀನಿ ಬಿಡಮ್ಮ. ಅದರಲ್ಲಿ ಬಿಳಿ, ಕರಿ ಏನು ಬಂತು?"

"ಹಾಗೆಲ್ಲಾ ಆಗಲ್ಲ ಸ್ವಾಮಿ," ಜೋಬ್ ನಡುವೆ ಬಾಯಿ ಹಾಕಿದ. "ಕರಿ ಕಮ್ಮಾರ ನಾನು. ಬೆಂಕೀಲಿ ಬಡಿದದ್ದು ಕರ್ರಗೇ ಆಚೆ ಬರ್ತದೆ, ನನ್ನ ಮುಸುಡಿ ಥರ. ತಣ್ಣಗಾದ ಮೇಲೆ ಅದಕ್ಕೆ ಅರ ಹಾಕಿ, ಉಜ್ಜಿ, ಬೆಳ್ಳಗೆ ಮಾಡೋನು ಬಿಳಿ ಕಮ್ಮಾರ."

"ತವರದ ಕೆಲಸದವರಿಗೂ ಹಾಗಂತಾರಲ್ಲ?"

"ಅಂತಾರೆ. ತವರವೂ ಬೆಳ್ಳಗೇ ಅಲ್ವ," ಎಂದಳು ಟ್ಯಾಬಿತಾ. "ನಮ್ಮದು ಕಬ್ಬಿಣ. ಬೀಗ, ಕೀಲಿಕೈ."

"ಕೊನೇತನಕ ಕೆಲಸ ಮಾಡ್ತಿದ್ರಾ?"

"ಹೂಂ."

ಸುಳ್ಳು. ಆರು ವರ್ಷದಿಂದ ಏಮಸ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಊರಿಗೆ ಗೊತ್ತಾದರೆ ಕೆಲಸ ಕೈತಪ್ಪುತ್ತದೆಂದು ಅವಳೇ ಗುಟ್ಟಾಗಿ ಅರ ಹಾಕುತ್ತಿದ್ದಳು. ಇನ್ನು ಮುಂದೆ ತಾನು ಬಡಿದದ್ದನ್ನು ಅರ ಹಾಕಿಸಲು ಪಕ್ಕದೂರಿಗೆ ಕಳಿಸುತ್ತೇನೆಂದು ಜೋಬ್ ದಾರಿಯಲ್ಲೇ ಹೇಳಿದ್ದ. ಅವಳಿಗೆ ಬದುಕಲು ಬೇರೆ ದಿಕ್ಕಿರಲಿಲ್ಲ. ಆದರೂ ಎದೆಯಲ್ಲಿ ಏನೂ ಅಲುಗದೆ, ಸುಮ್ಮನೆ ತಲೆಯಾಡಿಸಿದ್ದಳು.

"ಇಲ್ಲೊಂದು ಗುರುತು ಹಾಕಮ್ಮ."

ನಾಲ್ಕು ಜನರೆದುರು ಬಲಗೈಯನ್ನೇ ಮುಂದೆ ಮಾಡುತ್ತಿದ್ದವಳು ಇಂದು ಮೈಮರೆತು ಎಡಗೈಯಲ್ಲಿ ಲೇಖನಿ ಹಿಡಿದು ಗೀಟು ಎಳೆದಳು. ಜೋಬ್ ಆ ಕೈಯನ್ನೇ ನೋಡಿದ.

ಇಬ್ಬರೂ ಹೊರಬಿದ್ದು ಬೀದಿಯ ತಿರುವಿಗೆ ಬಂದರು. "ಕೀಲಿಕೈ ತಲೇಲಿರೋ ಉಂಗುರದ ಒಳಮೈ ಉಜ್ಜೋಕಾಗಲ್ಲ," ಎಂದ ಜೋಬ್. "ಅರದ ಗೆರೆ ಉಳ್ಕೊಂಡುಬಿಡ್ತದೆ. ಏಮಸ್‌ದು ಬಲಕ್ಕೆ ವಾಲೋದು. ಆರು ವರ್ಷದಿಂದ ಎಡಕ್ಕೆ ವಾಲ್ತಿದೆ. ಮುದುಕನ ಕೈ ಸೋತಿದೆ ಅಂದ್ಕೊಂಡಿದ್ನಲ್ಲ, ಎಂಥ ಪೆದ್ದ ನಾನು!"

ಟ್ಯಾಬಿತಾ ನಡೆಯುತ್ತಲೇ ಇದ್ದಳು.

"ಶಾಲೇದು ಹನ್ನೆರಡು ಕೀಲಿಕೈ ಬಡಿದಿಟ್ಟಿದ್ದೀನಿ. ನಾಳೆ ತರ್ಲಾ, ಟ್ಯಾಬಿ?"

"ನಾಳೆ ಮಣ್ಣು ಮಾಡ್ಬೇಕು. ನಾಡಿದ್ದು ತಾ."

ಹೇಳಿದಂತೆ ತಂದು ಬೆಂಚಿನ ಮೇಲೆ ಸುರಿದು ಹೋದ. ಅವಳು ಒಂದನ್ನು ಬೆಂಚಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ ಅರ ಹಾಕಿದಳು; ಮಧ್ಯಾಹ್ನದ ಹೊತ್ತಿಗೆ ಅದು ಬೆಳ್ಳಗಾಯಿತು. ಏಮಸ್ ಬೆರಳಲ್ಲಿ ತಡವಿ ತಪ್ಪು ಹೇಳಲೆಂದು, ರೂಢಿಯಂತೆ ಅದನ್ನು ಅವನು ಕೂರುತ್ತಿದ್ದ ಪಕ್ಕದ ಮಣೆಯ ಕಡೆಗೆ ಚಾಚಿದಳು. ಚಾಚಿದ ಕೈಯನ್ನು ಬಹಳ ಹೊತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.